ಹೆಸರಿನ ಮೇಲೆ ವಾರಂಟ್ ಇದೆಯಾ? ಇ-ಕೋರ್ಟ್ಸ್, ಕೋರ್ಟ್ ಆಫೀಸು, ವಕೀಲರು, ಠಾಣೆ: ಯಾವ ದಾರಿ ಯಾವಾಗ

ಬೆಳಿಗ್ಗೆ ಏಳಕ್ಕೆ ಅಕ್ಕನ ಫೋನು. "ಹಳೇ ಮನೆ ಓನರ್ ಹತ್ರ ಯಾರೋ ಪೊಲೀಸ್ನೋರು ಬಂದು ಇವರನ್ನ ಕೇಳಿದ್ರಂತೆ ಕಣೋ. ವಾರಂಟ್ ಅಂತೆ." ಹಿಂದೆ ಭಾವನ ದನಿ: "ನಾನೇನ್ ಮಾಡಿದೀನಿ, ಯಾವ ವಾರಂಟು?"

ಭಾವ ಮಾಡಿದ್ದು ಇಷ್ಟೇ. ಮನೆ ಕಟ್ಟುವಾಗ ಹಾರ್ಡ್‌ವೇರ್ ಅಂಗಡಿಗೆ ಒಂದು ಚೆಕ್ ಕೊಟ್ಟಿದ್ದರು. ಅದು ಬೌನ್ಸ್ ಆಯ್ತು. ಅಂಗಡಿಯವರ ಜೊತೆ ಮಾತುಕತೆ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಇವರು ಊರು ಬಿಟ್ಟು ಬೆಂಗಳೂರಿಗೆ ಬಂದರು. ಕೋರ್ಟಿನ ಸಮನ್ಸ್ ಹಳೇ ಮನೆ ಬಾಗಿಲು ತಟ್ಟಿ ವಾಪಸ್ ಹೋಗಿದೆ. ಒಂದಲ್ಲ, ಮೂರು ಸಲ.

ಆವತ್ತು ನಾನು ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವುದೇ: ಗೂಗಲ್‌ನಲ್ಲಿ ವಾರಂಟ್ ಸರ್ಚ್ ಅಂತ ಹೊಡೆದೆ. ಬಂದದ್ದೆಲ್ಲ ಅಮೆರಿಕದ ಸೈಟುಗಳು. ಅಲ್ಲಿ ಎಷ್ಟೋ ಕೌಂಟಿಗಳ ಶೆರಿಫ್ ಆಫೀಸು ಚಾಲ್ತಿಯಲ್ಲಿರುವ ವಾರಂಟ್‌ಗಳನ್ನು ತನ್ನ ಸೈಟಿನಲ್ಲೇ ಹಾಕುತ್ತದೆ. ಹೆಸರು ಕೊಟ್ಟರೆ ಸಾಕು, ಪಟ್ಟಿ ಬರುತ್ತದೆ. ಜೊತೆಗೆ ಕಾರ್ಡ್ ನಂಬರ್ ಕೇಳುವ ಖಾಸಗಿ ಸೈಟುಗಳೂ ಸಾಲಾಗಿ ಕೂತಿರುತ್ತವೆ. ಅವುಗಳಿಗೆ ನಮ್ಮ ತಾಲ್ಲೂಕು ಕೋರ್ಟಿನ ವಿಷಯ ಏನೂ ಗೊತ್ತಿಲ್ಲ, ದುಡ್ಡು ಕೊಡಬೇಡಿ.

ನಮ್ಮ ದೇಶದಲ್ಲಿ ಜನ ನೋಡುವಂಥ ವಾರಂಟ್ ಪಟ್ಟಿ ಅಂತ ಒಂದಿಲ್ಲ. ಇಲ್ಲಿ ವಾರಂಟ್ ಹುಡುಕುವುದು ಅಂದರೆ ಕೇಸು ಹುಡುಕುವುದು. ಕೇಸು ಸಿಕ್ಕರೆ ಅದರ ಹೊಟ್ಟೆಯೊಳಗೆ ವಾರಂಟ್ ಕಾಣುತ್ತದೆ. ಇಷ್ಟು ತಲೆಯಲ್ಲಿದ್ದರೆ ಮುಂದಿನ ನಾಲ್ಕು ದಾರಿಯಲ್ಲಿ ಯಾವುದು ನಿಮಗೆ ಅಂತ ಆರಿಸುವುದು ಸುಲಭ.

ಇ-ಕೋರ್ಟ್ಸ್: ಪುಕ್ಕಟೆ, ಆದರೆ ಓದೋಕೆ ಬರಬೇಕು

ಮೊದಲ ನಿಲ್ದಾಣ ಇದೇ ಆಗಿರಲಿ. ಇ-ಕೋರ್ಟ್ಸ್ ಸರ್ವಿಸಸ್ ಅನ್ನುವ ಸರ್ಕಾರಿ ಸೈಟು, ಅದೇ ಹೆಸರಿನ ಆ್ಯಪು. ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇದೆಯಾ ನೋಡಿಕೊಳ್ಳಿ. ಹಣ ಬೇಡ, ಲಾಗಿನ್ ಬೇಡ, ಕ್ಯಾಪ್ಚಾ ತುಂಬುವ ತಾಳ್ಮೆ ಬೇಕು. ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳ ಕೇಸು ಇಲ್ಲಿ ಸಿಗುತ್ತವೆ. ಹೈಕೋರ್ಟಿನದು ಬೇರೆ ವಿಭಾಗ.

ಕೈಯಲ್ಲಿ ಸಿಎನ್‌ಆರ್ ನಂಬರ್ ಇದ್ದರೆ ಕೆಲಸ ಅರ್ಧ ನಿಮಿಷದ್ದು. ಅದು ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಗುರುತು. ಕರ್ನಾಟಕದ್ದು 'ಕೆಎ' ಎಂಬ ಎರಡು ಇಂಗ್ಲಿಷ್ ಅಕ್ಷರದಿಂದ ಶುರು, ಕೊನೆಯ ನಾಲ್ಕು ಅಂಕಿ ವರ್ಷ. ಇಂಟರ್ನೆಟ್ ಸರಿಯಿಲ್ಲದವರು ಇಂಗ್ಲಿಷ್‌ನಲ್ಲಿ 'ಇಕೋರ್ಟ್ಸ್' ಅಂತ ಬರೆದು, ಒಂದು ಜಾಗ ಬಿಟ್ಟು, ಸಿಎನ್‌ಆರ್ ಹಾಕಿ 9766899899ಗೆ ಎಸ್‌ಎಂಎಸ್ ಕಳಿಸಿದರೂ ಕೇಸಿನ ಸ್ಥಿತಿ ಬರುತ್ತದೆ.

ಆದರೆ ವಾರಂಟ್ ಇದೆಯಾ ಅಂತ ಹುಡುಕುವವರ ಹತ್ತಿರ ಸಾಮಾನ್ಯವಾಗಿ ಸಿಎನ್‌ಆರ್ ಇರುವುದಿಲ್ಲ ಅಲ್ವಾ? ಹಾಗಾದರೆ ಹೆಸರಿನಿಂದ ಹುಡುಕಬೇಕು. ಇಲ್ಲೇ ಜನ ಸೋಲುವುದು. ಇಡೀ ರಾಜ್ಯಕ್ಕೆ ಒಂದೇ ಸಲ ಹೆಸರು ಹೊಡೆಯಲು ಆಗುವುದಿಲ್ಲ. ಜಿಲ್ಲೆ ಆರಿಸಿ, ಕೋರ್ಟ್ ಸಂಕೀರ್ಣ ಆರಿಸಿ, ಹೆಸರಿನ ಕನಿಷ್ಠ ಮೂರು ಅಕ್ಷರ ಕೊಟ್ಟು, ಕೇಸು ದಾಖಲಾದ ವರ್ಷ ಕೊಡಬೇಕು. ವರ್ಷ ಗೊತ್ತಿಲ್ಲ ಅಂದರೆ ಒಂದೊಂದೇ ವರ್ಷ ಹಾಕಿ ನೋಡಬೇಕು.

ಹೆಸರಿನ ಸ್ಪೆಲ್ಲಿಂಗು ಇನ್ನೊಂದು ತಲೆನೋವು. ಮಂಜುನಾಥ ಅಂತ ಹೆಸರಿದ್ದರೆ ಕೊನೆಗೆ ಒಂದು 'ಎ' ಇರಬಹುದು, ಇಲ್ಲದಿರಬಹುದು. ಇನಿಶಿಯಲ್ ಹಿಂದೆ ಇರಬಹುದು, ಮುಂದೆ ಇರಬಹುದು. ಲಕ್ಷ್ಮಿಗೆ 'ಕೆಎಸ್' ಹಾಕಿದವರುಂಟು, 'ಎಕ್ಸ್' ಹಾಕಿದವರೂ ಉಂಟು. ಪೂರ್ತಿ ಹೆಸರು ಹೊಡೆಯಬೇಡಿ. ಮೊದಲ ಐದಾರು ಅಕ್ಷರ ಮಾತ್ರ ಹಾಕಿ, ಬಂದ ಪಟ್ಟಿಯನ್ನು ಕಣ್ಣಲ್ಲೇ ಸೋಸಿ. ಎಫ್‌ಐಆರ್ ನಂಬರ್ ಗೊತ್ತಿದ್ದರೆ ಠಾಣೆ, ನಂಬರ್, ವರ್ಷ ಕೊಟ್ಟು ಹುಡುಕುವುದು ಇದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಗುಂಡಿ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹುಡುಕುವಾಗ ಪೆಂಡಿಂಗ್, ಡಿಸ್ಪೋಸ್ಡ್, ಎರಡೂ ಅನ್ನುವ ಆಯ್ಕೆ ಬರುತ್ತದೆ. ಸುಮ್ನೆ ಪೆಂಡಿಂಗ್ ಒತ್ತಿ ಏನೂ ಇಲ್ಲ ಅಂತ ಖುಷಿಪಡಬೇಡಿ, ಎರಡನ್ನೂ ಒತ್ತಿ. ಯಾಕೆ ಅಂದರೆ, ನಾಲ್ಕು ಜನ ಆರೋಪಿಗಳಿದ್ದು ಒಬ್ಬರು ಕೈಗೆ ಸಿಗದಿದ್ದರೆ, ಕೋರ್ಟು ಆ ಒಬ್ಬರ ಕೇಸನ್ನು ಬೇರೆ ಮಾಡುತ್ತದೆ. ಇದಕ್ಕೆ ಕೋರ್ಟಿನವರು ಸ್ಪ್ಲಿಟ್ ಅಪ್ ಅನ್ನುತ್ತಾರೆ. ಉಳಿದ ಮೂವರ ಕೇಸು ಖುಲಾಸೆಯಾಗಿ ಡಿಸ್ಪೋಸ್ಡ್ ಅಂತ ತೋರಿಸುತ್ತದೆ. ಸಿಗದವರ ಕೇಸು ಹೊಸ ನಂಬರಿನಲ್ಲಿ ಬದುಕಿರುತ್ತದೆ, ವಾರಂಟ್ ಸಮೇತ. ಡಿಸ್ಪೋಸ್ಡ್ ಆದ ಹಳೇ ಕೇಸು ಕಂಡರೆ ಅದರ ಸುಳಿವು ಸಿಗಬಹುದು. ಎಷ್ಟು ಸಲ ವಾರಂಟ್ ಕಳಿಸಿದರೂ ಆಸಾಮಿ ಸಿಗದಿದ್ದರೆ ಎಲ್‌ಪಿಸಿ, ಅಂದರೆ ಬಹುಕಾಲ ಬಾಕಿ ಉಳಿದ ಕೇಸುಗಳ ರಿಜಿಸ್ಟರಿಗೆ ಹೋಗುವುದೂ ಉಂಟು. ಊರಿನ ಗಲಾಟೆ ಕೇಸುಗಳಲ್ಲಿ "ನಮ್ಮ ಕೇಸು ಬಿದ್ದು ಹೋಯ್ತು" ಅಂತ ಇಪ್ಪತ್ತು ವರ್ಷ ನಂಬಿಕೊಂಡಿದ್ದವರು ಸಿಕ್ಕಿಬೀಳುವುದು ಬಹುಪಾಲು ಹೀಗೆ.

ಕೇಸು ಸಿಕ್ಕಿತು ಅಂತಿಟ್ಟುಕೊಳ್ಳಿ. ವಾರಂಟ್ ಎಲ್ಲಿ ಕಾಣುತ್ತದೆ? ಭಾವನ ಕೇಸಿನ ಪುಟ ಈಗಲೂ ನನ್ನ ಕಣ್ಣಲ್ಲಿದೆ. ಮೇಲೆ ಪಿಸಿಆರ್ ನಂಬರ್, ಆಮೇಲೆ ಸಿಸಿ ನಂಬರ್. ಪಿಸಿಆರ್ ಅಂದರೆ ಖಾಸಗಿ ದೂರು, ಸಿಸಿ ಅಂದರೆ ಕೋರ್ಟು ಕ್ರಿಮಿನಲ್ ಕೇಸಾಗಿ ತೆಗೆದುಕೊಂಡಿತು ಅಂತ. ಅದರ ಕೆಳಗೆ ಮುಂದಿನ ತಾರೀಖು ಮತ್ತು ಕೇಸಿನ ಹಂತ. ಹಂತದ ಮುಂದೆ ಮೂರೇ ಇಂಗ್ಲಿಷ್ ಅಕ್ಷರ: ಎನ್‌ಬಿಡಬ್ಲ್ಯು. ನಾನ್ ಬೇಲಬಲ್ ವಾರಂಟ್.

ಕೆಳಗೆ ಹಿಂದಿನ ತಾರೀಖುಗಳ ಪಟ್ಟಿ. ಪ್ರತಿ ತಾರೀಖೂ ನೀಲಿ ಬಣ್ಣದಲ್ಲಿ, ಒತ್ತಿದರೆ ಆವತ್ತು ಕೋರ್ಟಿನಲ್ಲಿ ಏನಾಯ್ತು ಅಂತ ಎರಡು ಸಾಲು. ಹಳೇ ತಾರೀಖಿನಿಂದ ಓದುತ್ತಾ ಬಂದೆ. ಸಮನ್ಸ್ ಕಳಿಸಿ. ಸಮನ್ಸ್ ಜಾರಿಯಾಗಿಲ್ಲ, ಮತ್ತೆ ಕಳಿಸಿ. ಬಿಡಬ್ಲ್ಯು ಕಳಿಸಿ, ಅಂದರೆ ಜಾಮೀನು ಸಿಗುವ ವಾರಂಟ್. ಆಮೇಲೆ ಎನ್‌ಬಿಡಬ್ಲ್ಯು. ಆಮೇಲೆ ಅದೇ ಎನ್‌ಬಿಡಬ್ಲ್ಯು ಮತ್ತೊಮ್ಮೆ. ಒಂದು ಕುಟುಂಬ ಬೆಂಗಳೂರಿನಲ್ಲಿ ಮಕ್ಕಳ ಸ್ಕೂಲು, ಇಎಂಐ ಅಂತ ಓಡಾಡಿಕೊಂಡಿದ್ದಾಗ, ಈ ಎರಡೆರಡು ಸಾಲು ಒಂದರ ಮೇಲೊಂದು ಬೆಳೆದಿದ್ದವು. ಎಲ್ಲ ಬಹಿರಂಗವಾಗೇ ಇತ್ತು. ನೋಡಿದವರಿಲ್ಲ.

"ಚೆಕ್ ಬೌನ್ಸು ಬೇಲಬಲ್ ಕೇಸಲ್ವಾ, ಅದಕ್ಕೆ ನಾನ್ ಬೇಲಬಲ್ ವಾರಂಟ್ ಹೇಗೆ?" ಅಂತ ಭಾವ ಕೇಳಿದರು. ಬಹಳ ಜನಕ್ಕೆ ಇರುವ ಗೊಂದಲ ಇದು. ಅಪರಾಧ ಯಾವ ತರಹದ್ದು ಅನ್ನುವುದು ಬೇರೆ, ವಾರಂಟ್ ಯಾವ ತರಹದ್ದು ಅನ್ನುವುದು ಬೇರೆ. ಕರೆದಾಗ ಬರಲಿಲ್ಲ ಅಂತ ಹೊರಡುವ ವಾರಂಟ್ ಇದು. ಮೊದಲು ಸಮನ್ಸ್, ಆಮೇಲೆ ಜಾಮೀನು ಸಿಗುವ ವಾರಂಟ್, ಅದೂ ಆಗದಿದ್ದರೆ ಎನ್‌ಬಿಡಬ್ಲ್ಯು ಅಂತ ಮೆಟ್ಟಿಲು ಹತ್ತಬೇಕು ಅಂತ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಭಾವನ ಪುಟದಲ್ಲಿ ಆ ಮೆಟ್ಟಿಲುಗಳೆಲ್ಲ ಸರಿಯಾಗೇ ಇದ್ದವು.

ಇ-ಕೋರ್ಟ್ಸ್‌ನ ಮಿತಿಯನ್ನೂ ಹೇಳಬೇಕು. ದಿನದ ಎರಡು ಸಾಲು ಕೆಲವೊಮ್ಮೆ ತಡವಾಗಿ ಏರುತ್ತದೆ, ಕೆಲವೊಮ್ಮೆ ಮುಂದಿನ ತಾರೀಖು ಬಿಟ್ಟು ಬೇರೇನೂ ಇರುವುದಿಲ್ಲ. ಹಳೇ ಕೇಸುಗಳ ವಿವರ ಅರ್ಧಂಬರ್ಧ. ಹಾಗಾಗಿ ಇಲ್ಲಿ ಎನ್‌ಬಿಡಬ್ಲ್ಯು ಅಂತ ಕಂಡರೆ ನಂಬಿ. ಕಾಣಲಿಲ್ಲ ಅಂದರೆ ಅದನ್ನು ಅಷ್ಟು ಗಟ್ಟಿಯಾಗಿ ನಂಬಬೇಡಿ.

ಕೋರ್ಟಿನ ಆಫೀಸಿಗೇ ಹೋಗುವುದು

ಸೈಟಿನಲ್ಲಿ ಸಿಕ್ಕದ್ದು ಇಲ್ಲಿ ಸಿಗುತ್ತದೆ. ಆರ್ಡರ್ ಶೀಟ್, ಅಂದರೆ ಪ್ರತಿ ತಾರೀಖಿನ ಆದೇಶ ಬರೆದಿಡುವ ಹಾಳೆಯೇ ಅಸಲಿ ದಾಖಲೆ, ಇ-ಕೋರ್ಟ್ಸ್‌ನಲ್ಲಿ ಬರುವುದು ಅದರ ನೆರಳು. ಯಾರಿಗೆ ವಾರಂಟ್, ಎ1ಗಾ ಎ2ಗಾ (ಒಂದನೇ ಆರೋಪಿಗಾ ಎರಡನೆಯವರಿಗಾ), ಯಾವ ಠಾಣೆ ಮೂಲಕ, ಜಾರಿಯಾಗದೆ ವಾಪಸ್ ಬಂತಾ, ಎಲ್ಲ ಆ ಉದ್ದನೆ ಹಾಳೆಯಲ್ಲಿ ಇರುತ್ತದೆ.

ಕಲಾಪ ಶುರುವಾಗುವ ಮುಂಚೆ ಹೋಗಿ. ಆಮೇಲೆ ಬೆಂಚ್ ಕ್ಲರ್ಕ್ ಕೈಗೆ ಸಿಗುವುದಿಲ್ಲ. ಕೇಸ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋದರೆ ಮರ್ಯಾದೆ ಸಿಗುತ್ತದೆ. "ಸಾರ್, ನನ್ನ ಹೆಸರಲ್ಲಿ ಏನಾದ್ರೂ ಇದೆಯಾ ನೋಡಿ" ಅಂದರೆ ಇಲ್ಲ. ನಂಬರೇ ಇಲ್ಲದವರು ಅದೇ ಆವರಣದಲ್ಲಿ ಇ-ಸೇವಾ ಕೇಂದ್ರ ಇದ್ದರೆ ಅಲ್ಲಿ ಮೊದಲು ಕೇಳಿ. ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿ ಬೇಕಾದರೆ ನಕಲು ವಿಭಾಗಕ್ಕೆ ಅರ್ಜಿ ಹಾಕಬೇಕು. ಮುಂದೆ ಹೈಕೋರ್ಟಿಗೆ ಹೋಗುವುದಿದ್ದರೆ ಅದು ಬೇಕೇ ಬೇಕು.

ಒಂದು ಎಚ್ಚರಿಕೆ. ಎನ್‌ಬಿಡಬ್ಲ್ಯು ಇದೆ ಅಂತ ಆಗಲೇ ಗೊತ್ತಿದ್ದರೆ ಆರೋಪಿಯೇ ಹೀಗೆ ವಿಚಾರಿಸುತ್ತಾ ಓಡಾಡುವುದು ಜಾಣತನ ಅಲ್ಲ. ಅದೇ ವರಾಂಡದಲ್ಲಿ ಠಾಣೆಯ ಕೋರ್ಟ್ ಪಿಸಿ, ಅಂದರೆ ಕೋರ್ಟ್ ಕೆಲಸ ನೋಡುವ ಪೊಲೀಸ್ ಕಾನ್‌ಸ್ಟೇಬಲ್ ಕೂತಿರುತ್ತಾರೆ. ಹೋಗುವುದಾದರೆ ವಕೀಲರ ಜೊತೆ, ಹಾಜರಾಗುವ ತಯಾರಿಯಲ್ಲೇ ಹೋಗಿ.

ವಕೀಲರ ಮೂಲಕ

ದುಡ್ಡು ಖರ್ಚಾಗುವ ದಾರಿ ಇದೊಂದೇ. ಆದರೂ ಎರಡು ಸಂದರ್ಭದಲ್ಲಿ ನೇರ ಇಲ್ಲಿಗೇ ಬನ್ನಿ ಅಂತೀನಿ.

ಒಂದು, ಪುಟದಲ್ಲಿ ಎನ್‌ಬಿಡಬ್ಲ್ಯು ಅಂತ ಕಂಡಾಗ. ಅಲ್ಲಿಗೆ ಹುಡುಕಾಟ ಮುಗಿಯಿತು, ಇನ್ನು ಬೇಕಾದದ್ದು ರೀಕಾಲ್ ಅರ್ಜಿ (ವಾರಂಟ್ ರದ್ದು ಮಾಡಿ ಅಂತ ಕೇಳುವುದು), ಶ್ಯೂರಿಟಿ (ಜಾಮೀನು ನಿಲ್ಲುವವರು), ಬಾಂಡು. ಬೆಂಗಳೂರಿನ ವಕೀಲರನ್ನೇ ಹಿಡಿಯಬೇಕು ಅಂತಿಲ್ಲ. ಕೇಸು ಯಾವ ಊರಿನಲ್ಲಿದೆಯೋ ಅಲ್ಲಿಯವರೇ ಸಲೀಸು. ಅವರಿಗೆ ಬೆಂಚ್ ಕ್ಲರ್ಕ್ ಪರಿಚಯ ಇರುತ್ತದೆ, ಸಾಹೇಬರು ಯಾವಾಗ ರಜೆ ಅನ್ನುವುದೂ ಗೊತ್ತಿರುತ್ತದೆ.

ಎರಡು, ಎಫ್‌ಐಆರ್ ಆಗಿ ಇನ್ನೂ ಚಾರ್ಜ್‌ಶೀಟ್ ಆಗದಿದ್ದಾಗ. ಇಲ್ಲಿ ವಾರಂಟ್ ಹುಡುಕುವುದರಲ್ಲೇ ಅರ್ಥ ಇಲ್ಲ. ಕಾಗ್ನಿಜಬಲ್ ಅಪರಾಧಗಳಲ್ಲಿ ಪೊಲೀಸರು ವಾರಂಟ್ ಇಲ್ಲದೆಯೂ ಬಂಧಿಸಬಹುದು. ವಾರಂಟ್ ಇಲ್ಲ ಅಂದ ಮಾತ್ರಕ್ಕೆ ಬಂಧನ ಇಲ್ಲ ಅಂತಲ್ಲ. ಎಫ್‌ಐಆರ್ ಪ್ರತಿಯನ್ನು 24 ಗಂಟೆಯೊಳಗೆ ಪೊಲೀಸ್ ಸೈಟಿನಲ್ಲಿ ಹಾಕಬೇಕು ಅಂತ ಸುಪ್ರೀಂ ಕೋರ್ಟು 2016ರಲ್ಲಿ ಆದೇಶ ಮಾಡಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ. ಅಲ್ಲಿಂದ ಪ್ರತಿ ಇಳಿಸಿಕೊಂಡು ವಕೀಲರ ಮುಂದೆ ಇಡಿ. ನಿರೀಕ್ಷಣಾ ಜಾಮೀನು ಬೇಕಾ ಬೇಡವಾ ಅಂತ ಅವರು ಹೇಳುತ್ತಾರೆ.

ಫೀಸು ಕೊಡಲು ಕಷ್ಟ ಅಂದರೆ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಠಾಣೆಯಲ್ಲಿ ಕೇಳುವುದು

ವಾರಂಟ್ ಕೊನೆಗೆ ಬಂದು ಸೇರುವುದು ಠಾಣೆಗೇ. ಹಾಗಾಗಿ ಅಲ್ಲಿ ಮಾಹಿತಿ ಖಂಡಿತ ಇರುತ್ತದೆ. ಆದರೆ ಎನ್‌ಬಿಡಬ್ಲ್ಯು ಕೈಯಲ್ಲಿಟ್ಟುಕೊಂಡ ಎಸ್‌ಐ ಮುಂದೆ ನೀವೇ ಹೋಗಿ ನಿಂತರೆ ಅವರು ಕಾಫಿ ಕೊಟ್ಟು ಕಳಿಸುವುದಿಲ್ಲ. ಬಂಧಿಸಿ ಕೋರ್ಟಿಗೆ ಹಾಜರುಪಡಿಸುವುದು ಅವರ ಕೆಲಸ. ಜಾಮೀನು ಸಿಗುವ ವಾರಂಟ್ ಆದರೆ ಅಷ್ಟು ಭಯ ಬೇಡ. ಅದರ ಹಿಂದೆಯೇ ಎಷ್ಟು ಮೊತ್ತದ ಬಾಂಡು, ಎಷ್ಟು ಜನ ಶ್ಯೂರಿಟಿ ಅಂತ ಬರೆದಿರುತ್ತದೆ, ಕೊಟ್ಟು ಬರಬಹುದು.

ನನ್ನ ಕೇಳಿದರೆ ಹುಡುಕುವ ದಾರಿಯಾಗಿ ಠಾಣೆ ಕೊನೆಯದು. ಪೊಲೀಸರೇ ಮನೆಗೆ ಬಂದಾಗ ಮಾತ್ರ ಅವರನ್ನೇ ಕೇಳಿ. ವಾರಂಟಿನ ಸಾರಾಂಶ ತಿಳಿಸಬೇಕು, ಕೇಳಿದರೆ ವಾರಂಟನ್ನೇ ತೋರಿಸಬೇಕು ಅಂತ ಕಾನೂನಿದೆ. ಸಿಆರ್‌ಪಿಸಿ ಬದಲು ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 77ನೇ ಸೆಕ್ಷನ್ನು. ಕೋರ್ಟಿನ ಹೆಸರು, ಕೇಸ್ ನಂಬರ್, ಸಹಿ, ಮೊಹರು ನಾಲ್ಕನ್ನೂ ನೋಡಿ, ಕೇಸ್ ನಂಬರನ್ನು ಮನೆಯವರು ಬರೆದಿಟ್ಟುಕೊಳ್ಳಲಿ. ಬೇರೆ ಜಿಲ್ಲೆಯ ವಾರಂಟ್ ಇಲ್ಲಿ ನಡೆಯಲ್ಲ ಅಂತ ವಾದ ಮಾಡಬೇಡಿ, ದೇಶದ ಯಾವ ಮೂಲೆಯಲ್ಲೂ ನಡೆಯುತ್ತದೆ. ತಾರೀಖು ಕಳೆದುಹೋಗಿದೆ ಅನ್ನುವುದೂ ನಡೆಯಲ್ಲ. ಜಾರಿಯಾಗುವ ತನಕ ಇಲ್ಲವೇ ಕೋರ್ಟು ರದ್ದು ಮಾಡುವ ತನಕ ವಾರಂಟ್ ಜೀವಂತ. ಆರು ತಿಂಗಳು ತಲೆ ತಪ್ಪಿಸಿಕೊಂಡರೆ ಸತ್ತುಹೋಗುತ್ತದೆ ಅನ್ನುವುದು ಕಟ್ಟೆ ಮೇಲಿನ ಕಾನೂನು.

ಆರ್‌ಟಿಐ, ಪಿಸಿಸಿ, ಪಾಸ್‌ಪೋರ್ಟು

ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರ್‌ಟಿಐ ಅರ್ಜಿ 10 ರೂಪಾಯಿ, ಉತ್ತರಕ್ಕೆ 30 ದಿನ. ಎನ್‌ಬಿಡಬ್ಲ್ಯು ಅಷ್ಟು ದಿನ ಕಾಯುವುದಿಲ್ಲ. ತನಿಖೆಗೆ, ಬಂಧನಕ್ಕೆ ಅಡ್ಡಿ ಅಂತ ಪೊಲೀಸರು ನಿರಾಕರಿಸಬಹುದು. ಕೋರ್ಟಿನ ಕಾಗದಗಳಿಗೆ ಆರ್‌ಟಿಐ ಅಲ್ಲ, ಕೋರ್ಟಿನದೇ ನಿಯಮದ ಪ್ರಕಾರ ಅರ್ಜಿ ಹಾಕಿ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿಯಾಗಿದೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು (ಪಿಸಿಸಿ) ಕೆಲಸಕ್ಕೆ, ವೀಸಾಕ್ಕೆ ಬೇಕಾಗುವ ಕಾಗದ, ವಾರಂಟ್ ಹುಡುಕುವ ಸಾಧನ ಅಲ್ಲ. ಆದರೆ ಹೊರದೇಶದಲ್ಲಿರುವ ನಮ್ಮವರು ಒಂದು ಗಮನಿಸಿ. ಕೋರ್ಟಿನ ವಾರಂಟ್ ಇರುವವರಿಗೆ ಪಾಸ್‌ಪೋರ್ಟ್ ಕೊಡದಿರಲು, ಇರುವುದನ್ನು ಮುಟ್ಟುಗೋಲು ಹಾಕಲು ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶ ಇದೆ. ಏರ್‌ಪೋರ್ಟಿನಲ್ಲಿ ತಡೆಯುವ ಲುಕೌಟ್ ಸರ್ಕ್ಯುಲರ್ ಅಂತೂ ಯಾವ ಸೈಟಿನಲ್ಲೂ ಕಾಣಿಸುವುದಿಲ್ಲ. ಊರಲ್ಲಿ ಹಳೇ ಕೇಸಿನ ಅನುಮಾನ ಇದ್ದರೆ ಟಿಕೆಟ್ ತೆಗೆಯುವ ಮುಂಚೆ ಇ-ಕೋರ್ಟ್ಸ್ ನೋಡಿ. ದುಬೈಯಲ್ಲಿ ಕೂತು ನೋಡಿದರೂ ಅದೇ ಪುಟ ಬರುತ್ತದೆ.

ವಾಟ್ಸ್‌ಆ್ಯಪ್‌ಗೆ ಬಂದ ವಾರಂಟು

ಈಗೀಗ ವಾರಂಟ್ ಹುಡುಕುವವರಲ್ಲಿ ಒಂದು ಹೊಸ ಗುಂಪಿದೆ: ವಾಟ್ಸ್‌ಆ್ಯಪ್‌ನಲ್ಲಿ ಕೆಂಪು ಮೊಹರಿನ ಅರೆಸ್ಟ್ ವಾರಂಟ್ ಬಂದು ಕೈಕಾಲು ನಡುಗುತ್ತಿರುವವರು. ಸಿಬಿಐ ಅಂತಲೋ, ಮುಂಬೈ ಪೊಲೀಸ್ ಅಂತಲೋ ವಿಡಿಯೊ ಕಾಲ್. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ವಾರಂಟ್ ಕಳಿಸಿ, ಅದನ್ನು ತಪ್ಪಿಸಲು ದುಡ್ಡು ಹಾಕಿಸಿಕೊಳ್ಳುವ ಪೊಲೀಸರೂ ಇಲ್ಲ, ಕೋರ್ಟೂ ಇಲ್ಲ. ಇಂಥವರು ಇ-ಕೋರ್ಟ್ಸ್‌ನಲ್ಲಿ ಹುಡುಕುತ್ತಾ ಕೂರಬೇಡಿ. ಫೋನ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ಬೇರೆಯವರ ಹೆಸರು ಹುಡುಕುವುದು

ಬಾಡಿಗೆಗೆ ಬರುವವರು, ಮದುವೆ ಸಂಬಂಧ, ಪಾಲುದಾರರು ಅಂತ ಇ-ಕೋರ್ಟ್ಸ್ ತೆರೆಯುವವರೂ ಇದ್ದಾರೆ. ತಪ್ಪೇನಿಲ್ಲ, ಬಹಿರಂಗ ದಾಖಲೆ. ಆದರೆ ಒಂದೇ ಹೆಸರಿನವರು ಒಂದು ತಾಲ್ಲೂಕಿನಲ್ಲೇ ಎಷ್ಟು ಜನ ಬೇಕು? ತಂದೆ ಹೆಸರು, ಊರು ತಾಳೆಯಾಗದೆ ಬಾಯಿ ಬಿಡಬೇಡಿ. ತಾಳೆಯಾದರೂ, ವಾರಂಟ್ ಅಂದರೆ ಸಾಮಾನ್ಯವಾಗಿ ಕೋರ್ಟಿಗೆ ಬರಲಿಲ್ಲ ಅಂತ ಅಷ್ಟೇ, ತಪ್ಪು ಮಾಡಿದ್ದಾರೆ ಅಂತಲ್ಲ. ನಮ್ಮ ಭಾವನ ಪುಟವನ್ನು ಯಾರಾದರೂ ಹೆಣ್ಣಿನ ಕಡೆಯವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ!

ರದ್ದಾಯ್ತು ಅಂದ ಮೇಲೂ

ಭಾವ ಆ ಊರಿನ ವಕೀಲರೊಬ್ಬರ ಜೊತೆ ಮುಂದಿನ ವಾರವೇ ಹಾಜರಾದರು. ಬೆಳಿಗ್ಗೆ ರೀಕಾಲ್ ಅರ್ಜಿ, ವಿಳಾಸ ಬದಲಾದ ಬಗ್ಗೆ ಬಾಡಿಗೆ ಕರಾರು, ಒಬ್ಬ ಶ್ಯೂರಿಟಿ. ಮಧ್ಯಾಹ್ನ ಊಟದ ಹೊತ್ತಿಗೆ ವಾರಂಟ್ ರದ್ದು. ದಂಡ ಕಟ್ಟಿ ಹೊರಗೆ ಬಂದಾಗ ವಕೀಲರು ಒಂದು ಮಾತು ಹೇಳಿದರು: "ಈ ಆರ್ಡರ್ ಕಾಪಿ ಜೊತೆಗೇ ಇಟ್ಟುಕೊಳ್ಳಿ. ಠಾಣೆಗೆ ತಲುಪೋಕೆ ಟೈಮ್ ಆಗುತ್ತೆ."

ಸುಮ್ನೆ ಹೇಳಿದ್ದಲ್ಲ ಅದು. 2002ರಲ್ಲಿ ಮುಂಬೈಯ ವಕೀಲರೊಬ್ಬರ ಎನ್‌ಬಿಡಬ್ಲ್ಯು ರದ್ದಾಗಿತ್ತು. ಕೆಲವೇ ದಿನ ಕಳೆದು, ಸ್ವಾತಂತ್ರ್ಯ ದಿನದಂದು, ಅದೇ ವಾರಂಟ್ ಹಿಡಿದು ಪೊಲೀಸರು ಅವರನ್ನು ಬಂಧಿಸಿದರು. ರದ್ದಾಗಿದೆ ಅಂದರೂ ತೋರಿಸಲು ಕಾಗದ ಕೈಯಲ್ಲಿರಲಿಲ್ಲ. ಆ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ, ಎನ್‌ಬಿಡಬ್ಲ್ಯುಗಳಿಗೆ ನಂಬರ್ ಹಾಕಿ ರಿಜಿಸ್ಟರಿನಲ್ಲಿ ಲೆಕ್ಕ ಇಡಬೇಕು, ರದ್ದಾದದ್ದನ್ನೂ ಬರೆಯಬೇಕು ಅಂತ 2011ರಲ್ಲಿ ಸೂಚನೆ ಬಂತು. ಸೂಚನೆ ಇದ್ದರೂ ಕಾಗದ ಜೇಬಿನಲ್ಲಿರುವುದೇ ಕ್ಷೇಮ.

ಭಾವನ ಕೇಸು ಈಗ ರಾಜಿಯಾಗಿ ಮುಗಿದಿದೆ. ಆ ಕಾಪಿ ಮಾತ್ರ ಇನ್ನೂ ಅವರ ಸ್ಕೂಟರಿನ ಡಿಕ್ಕಿಯಲ್ಲೇ ಇದೆ, ಇನ್ಶೂರೆನ್ಸ್ ಕಾಗದದ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ.